ಕಡಲ ಹತ್ರ ಜಾಗ ತಗೊಳ್ಳೋ ಮುಂಚೆ ಆ ಬಾವಿ ನೀರು ಕುಡಿದು ನೋಡಿ

ಬಸವನಗುಡಿಯಿಂದ ಒಬ್ರು ಓದುಗರು ಬರ್ದಿದಾರೆ. ಮುಂದಿನ ವರ್ಷ ರಿಟೈರ್ ಆಗ್ತಾರಂತೆ, ಗಂಡ ಹೆಂಡ್ತಿ ಇಬ್ರೇ, ಇಲ್ಲಿ ಥರ್ಟಿ ಫಾರ್ಟಿ ಸೈಟ್ ತಗೊಳ್ಳೋ ಶಕ್ತಿ ಇಲ್ಲ, ಅದಕ್ಕೆ ಸಮುದ್ರ ಕಾಣೋ ಹಾಗೆ ಒಂದು ಹತ್ತು ಸೆಂಟ್ಸ್ (ಎಕರೆಲಿ ಹತ್ತನೇ ಒಂದು ಪಾಲು) ಕಮ್ಮಿ ರೇಟಲ್ಲಿ ಎಲ್ಲಿ ಸಿಗುತ್ತೆ, ಕುಂದಾಪುರನಾ ಹೊನ್ನಾವರನಾ ಅಂತ ಕೇಳಿದಾರೆ.

ಸರ್, ಮೊದ್ಲು ಆ 'ಸಮುದ್ರ ಕಾಣೋ ಹಾಗೆ' ಅನ್ನೋದನ್ನ ಬಿಟ್ಬಿಡಿ. ರೇಟ್ ಏರೋದೇ ಅದರಿಂದ, ತೊಂದ್ರೆ ಶುರುವಾಗೋದೂ ಅಲ್ಲಿಂದಾನೇ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲಿ, ಜನ ಕಮ್ಮಿ ಇರೋ ಹಳ್ಳಿಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಮನೆ ಕಟ್ಟೋ ಹಾಗಿಲ್ಲ, ಜನ ದಟ್ಟವಾಗಿರೋ ಹಳ್ಳಿಗಳಲ್ಲಿ ಅದು 50 ಮೀಟರ್. ಉಬ್ಬರದ ನೀರು ಬರೋ ಹೊಳೆ ದಂಡೆಗೂ ನಿಯಮ ಇದೆ, ಇದನ್ನ ಬ್ರೋಕರ್‌ಗಳು ಬಾಯಿ ಬಿಡಲ್ಲ. ಉಳ್ಳಾಲ, ಮರವಂತೆ ಕಡೆ ಮಳೆಗಾಲದ ಕಡಲ್ಕೊರೆತ ನೋಡಿದವ್ರು ಯಾರೂ ಅಲೆ ಪಕ್ಕ ದುಡ್ಡು ಸುರಿಯಲ್ಲ.

ಕಡಲಿಂದ ಐದಾರು ಕಿಲೋಮೀಟರ್ ಒಳಗೆ ಹೋಗಿ, ಹೈವೇಯಿಂದ ಪೂರ್ವಕ್ಕೆ. ರೇಟ್ ಇಳಿಯೋದು ಅಲ್ಲೇ.

ಹೋಗೋದಾದ್ರೆ ಮೇ ತಿಂಗಳಲ್ಲಿ ಹೋಗಿ. ಡಿಸೆಂಬರಲ್ಲಿ ಎಲ್ಲಾ ಜಾಗಾನೂ ಚೆಂದವೇ. ನಾನು ಹಾಗೇ ಒಂದ್ಸಲ ಹೊಳೆ ಹತ್ರದ ಜಾಗ ನೋಡೋಕೆ ಹೋದಾಗ ಪಕ್ಕದ ಮನೆ ಅಮ್ಮ ಕೊಡಪಾನ ಇಳಿಸಿ ಒಂದು ಲೋಟ ನೀರು ಸೇದಿಕೊಟ್ರು, ಬಾಯಿಗಿಟ್ರೆ ಉಪ್ಪು, ಅವ್ರು ಮೆಲ್ಲಗೆ ಹೇಳಿದ್ರು, ಏಪ್ರಿಲ್‌ನಿಂದ ಮಳೆ ಬರೋವರ್ಗೂ ಹೀಗೇ, ಕುಡಿಯೋಕೆ ಟ್ಯಾಂಕರ್ ನೀರು ಅಂತ. ಇನ್ನೊಂದ್ಸಲ ಜುಲೈನಲ್ಲೂ ಹೋಗಿ, ಗದ್ದೆ ಬೈಲಿನ ಜಾಗ ಆದ್ರೆ ನೆರೆ ಎಲ್ಲೀವರ್ಗೂ ಬರುತ್ತೆ ಅಂತ ಕಣ್ಣಲ್ಲೇ ನೋಡ್ಬೋದು.

ಇನ್ನು ದಾಖಲೆ. ಒಂದ್ಸಲ ನನಗೆ ಬ್ರೋಕರ್ ಒಬ್ಬ ಬೇಲಿ ಹಾಕಿದ್ದ ಮೂವತ್ತು ಸೆಂಟ್ಸ್ ತೋರ್ಸಿದ್ದ, ತೆಂಗಿನ ಮರ, ಗೇಟು ಎಲ್ಲಾ ಇತ್ತು. ಆರ್‌ಟಿಸಿ, ಅಂದ್ರೆ ಪಹಣಿ, ತೆಗೆಸಿ ನೋಡಿದ್ರೆ ಹದಿನೆಂಟೇ ಸೆಂಟ್ಸ್, ಉಳಿದದ್ದು ಕುಮ್ಕಿ. ನಮ್ಮ ಬೆಂಗಳೂರಿನವ್ರಿಗೆ ಈ ಪದಾನೇ ಗೊತ್ತಿರಲ್ಲ. ಹಳೇ ವರ್ಗ ಜಮೀನಿನ (ಕಂದಾಯ ಕಟ್ಟೋ ಸ್ವಂತ ಜಮೀನು) ಗಡಿಯಿಂದ ನೂರು ಗಜದೊಳಗಿನ ಸರ್ಕಾರಿ ಜಾಗ ಅದು, ಸೊಪ್ಪು ಸೌದೆಗೆ ಅನುಭೋಗ ಅಷ್ಟೇ, ಮಾಲೀಕತ್ವ ಅಲ್ಲ. ಉತ್ತರ ಕನ್ನಡದ ತೋಟಗಳ ಜೊತೆ ಬರೋ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರೋಕೆ ಬಿಟ್ಟಿರೋ ಸರ್ಕಾರಿ ಕಾಡು) ಕತೆನೂ ಇಂಥದ್ದೇ. ಅದಕ್ಕೂ ದುಡ್ಡು ಕೊಟ್ಟು ಮೋಸ ಹೋದವ್ರು ಇದಾರೆ, ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ.

ಅಳತೆನೂ ಬೇರೆ ಬೇರೆ. ಕುಂದಾಪುರದಲ್ಲಿ ಸೆಂಟ್ಸ್, ಹೊನ್ನಾವರದಲ್ಲಿ ಗುಂಟೆ, ಒಂದು ಮದ್ರಾಸ್ ಪ್ರೆಸಿಡೆನ್ಸಿಲಿದ್ದ ಊರು, ಇನ್ನೊಂದು ಬಾಂಬೆ. ನಿಮ್ಮ ಹತ್ತು ಸೆಂಟ್ಸ್ ಅಂದ್ರೆ ಅಲ್ಲಿ ನಾಲ್ಕು ಗುಂಟೆ, 4356 ಚದರಡಿ. 2020ರ ತಿದ್ದುಪಡಿ ಆದ್ಮೇಲೆ ಕೃಷಿಕರಲ್ಲದವ್ರೂ ಕೃಷಿ ಜಮೀನು ತಗೋಬೋದು ನಿಜ, ಆದ್ರೆ ನಿಮಗೆ ಬೇಕಿರೋದು ಮನೆ, ಅದಕ್ಕೆ ಕನ್ವರ್ಷನ್ ಆಗಿರೋ, ಅಂದ್ರೆ ಕೃಷಿಯಿಂದ ಮನೆ ಕಟ್ಟೋಕೆ ಬದಲಾಯಿಸಿರೋ, ಜಾಗಾನೇ ನೋಡಿ. ದೊಡ್ಡ ಸರ್ವೆ ನಂಬರಿನ ತುಂಡು ಆದ್ರೆ 11ಇ ನಕ್ಷೆ, ಅಂದ್ರೆ ಆ ತುಂಡನ್ನ ಅಳೆದು ಗುರುತಿಸಿದ ಸರ್ವೆ ನಕ್ಷೆ, ಕೇಳಿ. ದರ್ಖಾಸ್ತಲ್ಲಿ, ಅಂದ್ರೆ ಅರ್ಜಿ ಹಾಕಿ ಸರ್ಕಾರದಿಂದ, ಮಂಜೂರಾದ ಜಾಗ ಆದ್ರೆ ಮಾರೋಕೆ ನಿರ್ಬಂಧ ಇದೆಯಾ ಅಂತ ಮಂಜೂರಾತಿ ಪತ್ರನೇ ಓದ್ಬೇಕು, ಪರಿಶಿಷ್ಟರಿಗೆ ಮಂಜೂರಾಗಿದ್ರೆ 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ದೆ ಮಾರೋ ಹಾಗೇ ಇಲ್ಲ. ಜಾಗದಲ್ಲೇ ನಿಂತು ಫೋನಲ್ಲಿ ಸರ್ಕಾರದ ದಿಶಾಂಕ್ ಆಪ್ ತೆಗೆದ್ರೆ ಸರ್ವೆ ನಂಬರ್ ಸಿಗುತ್ತೆ. ಮೂಲೆಲಿ ನಾಗಬನ ಇದ್ರೆ ಅದರ ಪೂಜೆ, ದಾರಿ ಯಾರ್ದು ಅಂತ ಊರವ್ರ ಹತ್ರ ಕೇಳಿಯೇ ಮುಂದುವರೀರಿ, ಅವ್ರಿಗೆ ಅದು ಜೀವ.

ಕುಂದಾಪುರನಾ ಹೊನ್ನಾವರನಾ ಅಂದ್ರಿ. ಹೊನ್ನಾವರ, ಕುಮಟಾ ಕಡೆ ನನಗೆ ತುಂಬಾ ಇಷ್ಟ, ಶರಾವತಿ ನೋಡ್ತಾ ಕೂತ್ರೆ ಎದ್ದು ಬರೋಕೆ ಮನಸ್ಸಾಗಲ್ಲ. ಆದ್ರೆ ಅಲ್ಲಿನ ಜನ ದೊಡ್ಡಾಸ್ಪತ್ರೆ ಬೇಕು ಅಂತ ವರ್ಷಗಟ್ಲೆ ಕೂಗ್ತಾ ಇದಾರೆ, ಎದೆನೋವು ಅಂದ್ರೆ ಮಣಿಪಾಲಕ್ಕೋ ಮಂಗಳೂರಿಗೋ ಓಡ್ಬೇಕು. ಕುಂದಾಪುರದಿಂದ ಮಣಿಪಾಲ 40 ಕಿಲೋಮೀಟರ್ ಆಸುಪಾಸು. ಅರವತ್ತು ದಾಟಿದ ಇಬ್ರೇ ಇರೋ ಮನೆಗೆ ನಾನಾದ್ರೆ ಕುಂದಾಪುರದ ಒಳಗಿನ ಹಳ್ಳಿನೇ ಹುಡುಕ್ತೀನಿ. ನಿಮ್ಮ ಮನೆಯವ್ರನ್ನೂ ಕರ್ಕೊಂಡು ಹೋಗಿ ಸರ್, ಅಡ್ವಾನ್ಸ್ ಕೊಡೋ ಮುಂಚೆ ಅವ್ರೂ ಆ ನೀರು ಕುಡೀಲಿ.