ನಾಲ್ವರೂ ಒಟ್ಟಿಗೆ ತಲುಪಿದರೆ ಮಾತ್ರ ಗುರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ನಾಲ್ವರು ಸಹೋದ್ಯೋಗಿಗಳು, ಮೂವರು ಗಂಡಸರು ಮತ್ತು ನಾನು. ಎಲ್ಲರೂ ಮ್ಯಾರಥಾನ್ ಓಡಿದ್ದೇವೆ. ಮೊರಾಕ್ಕೊ ಅಥವಾ ಒಮಾನ್‌ನಂಥ ದೇಶದಲ್ಲಿ ಮರುಭೂಮಿ ಮತ್ತು ಪರ್ವತಗಳನ್ನು ಹಗಲಿರುಳು ದಾಟುವ ತಂಡಸ್ಪರ್ಧೆಯಲ್ಲಿ ಭಾಗವಹಿಸಬೇಕೆಂಬ ಆಸೆಯಿದೆ. ನಾಲ್ವರಲ್ಲಿ ನಾನೇ ನಿಧಾನ. ನನ್ನಿಂದ ಉಳಿದವರಿಗೆ ತೊಂದರೆಯಾದೀತೆಂಬ ಅಳುಕು ಕಾಡುತ್ತಿದೆ. ತಯಾರಿಯನ್ನು ಎಲ್ಲಿಂದ ಆರಂಭಿಸಬೇಕು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಅಳುಕಿನಿಂದಲೇ ಆರಂಭಿಸೋಣ, ಏಕೆಂದರೆ ಈ ಸ್ಪರ್ಧೆಗಳ ಮೂಲ ನಿಯಮವೂ ಅದಕ್ಕೇ ಸಂಬಂಧಿಸಿದೆ. ಫ್ರೆಂಚ್ ಪತ್ರಕರ್ತ ಜೆರಾರ್ ಫ್ಯುಸಿಲ್ 1989ರಲ್ಲಿ ನ್ಯೂಜಿಲೆಂಡಿನಲ್ಲಿ ಆರಂಭಿಸಿದ ಇಂಥದೇ ಸ್ಪರ್ಧೆ ‘ರೇಡ್ ಗೊಲ್ವಾಜ್’ನ ತಂಡಗಳಲ್ಲಿ ಮಹಿಳೆ ಇರಲೇಬೇಕಿತ್ತು. 1992ರಲ್ಲಿ ಅದು ಒಮಾನ್‌ನ ಮರಳು ಮತ್ತು ಕಲ್ಲುಬೆಟ್ಟಗಳಲ್ಲಿ ನಡೆಯಿತು; ಆಗ ಸ್ಪರ್ಧಿಯಾಗಿ ಹೋಗಿದ್ದ ಮಾರ್ಕ್ ಬರ್ನೆಟ್ ಮುಂದೆ 1995ರಲ್ಲಿ ಅಮೆರಿಕದ ಯೂಟಾದಲ್ಲಿ ‘ಇಕೋ-ಚಾಲೆಂಜ್’ ಆರಂಭಿಸಿದರು. 1998ರಲ್ಲಿ ಅದೇ ಸ್ಪರ್ಧೆ ಮೊರಾಕ್ಕೊಗೆ ಹೋದಾಗ ನಾಲ್ವರ ಮಿಶ್ರ ತಂಡಗಳು ಒಂಟೆ ಸವಾರಿ, ಅಟ್ಲಾಂಟಿಕ್‌ನಲ್ಲಿ ಕಯಾಕ್ ಮತ್ತು ಅಟ್ಲಾಸ್ ಪರ್ವತಶ್ರೇಣಿಯ ಚಾರಣವನ್ನೆಲ್ಲ ಒಂದೇ ಉಸಿರಿನಲ್ಲಿ ಮುಗಿಸಬೇಕಿತ್ತು. ಇಂಥ ಸ್ಪರ್ಧೆಯಲ್ಲಿ ತಂಡದವರು ಪರಸ್ಪರ ಹತ್ತಿರದಲ್ಲೇ ಇರಬೇಕು, ಎಲ್ಲರೂ ಕೂಡಿಯೇ ಗುರಿ ಮುಟ್ಟಬೇಕು. ಒಬ್ಬರು ಹಿಂದೆ ಸರಿದರೂ ತಂಡಕ್ಕೆ ಸ್ಥಾನ ಸಿಗುವುದಿಲ್ಲ. ಆದ್ದರಿಂದ ನಾಲ್ವರಲ್ಲಿ ಯಾರು ವೇಗಿ ಎಂಬ ಲೆಕ್ಕಕ್ಕೆ ಅಲ್ಲಿ ಬೆಲೆಯೇ ಇಲ್ಲ. ಆ ಗಳಿಗೆಯಲ್ಲಿ ಯಾರು ಹೆಚ್ಚು ಬಳಲಿದ್ದಾರೋ ಅವರ ಹೆಜ್ಜೆಯೇ ತಂಡದ ಹೆಜ್ಜೆ, ಮತ್ತು ಹಲವು ದಿನಗಳ ಹಾದಿಯಲ್ಲಿ ಆ ಸರದಿ ನಾಲ್ವರಿಗೂ ಬರುತ್ತದೆ.

ಅನುಭವಿ ತಂಡಗಳು ಇದನ್ನು ಒಪ್ಪಿಕೊಂಡೇ ಹೊರಡುತ್ತವೆ. ಬಳಲಿದವರ ಚೀಲದ ಭಾರವನ್ನು ಗಟ್ಟಿಯಾಗಿರುವವರು ಹೊರುತ್ತಾರೆ; ಏರುದಾರಿಯಲ್ಲಿ ಸೊಂಟಕ್ಕೆ ಎಲಾಸ್ಟಿಕ್ ಹಗ್ಗ ಕಟ್ಟಿ ಮುಂದಿನವರು ಹಿಂದಿನವರನ್ನು ಎಳೆಯುತ್ತಾರೆ. ಹಗ್ಗ ಹಿಡಿಯುವುದನ್ನು ಅವಮಾನವೆಂದು ಭಾವಿಸುವವರು, ಅದರಲ್ಲೂ ಊರಿನಲ್ಲಿ ಬಲಶಾಲಿ ಎನಿಸಿಕೊಂಡವರು, ಎರಡನೆಯ ರಾತ್ರಿಯೇ ಇಡೀ ತಂಡವನ್ನು ಸಂಕಟಕ್ಕೆ ನೂಕುವ ಅಪಾಯವಿದೆ. ಪಾದದಲ್ಲಿ ಉರಿ ಕಾಣಿಸಿಕೊಂಡ ಕೂಡಲೇ ನಿಂತು, ಬೂಟು ಬಿಚ್ಚಿ, ಮರಳು ಕೊಡವಿ, ಟೇಪು ಸುತ್ತಲು ಕೆಲವೇ ನಿಮಿಷ ಸಾಕು. ಸಂಕೋಚದಿಂದ ಹೇಳದೆ ನಡೆದರೆ ಅದೇ ಜಾಗದಲ್ಲಿ ಬೊಬ್ಬೆ ಒಡೆದು, ಚರ್ಮ ಕಿತ್ತುಬಂದು, ನಾಲ್ವರ ಓಟವೂ ಅಲ್ಲಿಗೇ ನಿಲ್ಲಬಹುದು. ತನ್ನ ನೋವನ್ನು ಬೇಗ ಹೇಳುವುದು, ಹೇಳಿದವರನ್ನು ಹಂಗಿಸದಿರುವುದು: ಈ ಎರಡನ್ನು ನೀವು ನಾಲ್ವರೂ ಇಲ್ಲಿಯೇ ಕಲಿತು ಹೊರಡಬೇಕೆಂದು ನನ್ನ ಆಗ್ರಹ.

ಆದ್ದರಿಂದ ಒಬ್ಬೊಬ್ಬರೇ ಓಡುವ ಅಭ್ಯಾಸವನ್ನು ಕಡಿಮೆ ಮಾಡಿ, ಪೂರ್ಣ ಭಾರದ ಚೀಲ ಹೊತ್ತು ನಾಲ್ವರೂ ಕೂಡಿ ನಡೆಯಿರಿ. ಕುಕ್ಕೆಯಿಂದ ಕುಮಾರ ಪರ್ವತ ಏರುವ ಕಡಿದಾದ ದಾರಿ ಕಾಲಿಗೆ ಒಳ್ಳೆಯ ಪರೀಕ್ಷೆ. ಅರಣ್ಯ ಇಲಾಖೆಯ ಅನುಮತಿ ಮತ್ತು ಸಮಯದ ನಿಯಮಗಳನ್ನು ತಪ್ಪದೆ ಪಾಲಿಸಿ. ರಾತ್ರಿಯ ನಡಿಗೆ ಮತ್ತು ನಿದ್ದೆಗೆಟ್ಟ ಅಭ್ಯಾಸವನ್ನು ಹಳ್ಳಿಯ ರಸ್ತೆಗಳಲ್ಲಿ ಮಾಡಿ. ಹಲವು ಸ್ಪರ್ಧೆಗಳಲ್ಲಿ ಜಿಪಿಎಸ್ ಬಳಕೆಗೆ ಅವಕಾಶವಿಲ್ಲದ ಕಾರಣ ನಕ್ಷೆ, ದಿಕ್ಸೂಚಿಗಳನ್ನು ಕನಿಷ್ಠ ಇಬ್ಬರಾದರೂ ಚೆನ್ನಾಗಿ ಓದಬಲ್ಲವರಾಗಬೇಕು. ಮೊರಾಕ್ಕೊದ ಮರುಭೂಮಿಯಲ್ಲಿ ನಡೆಯುವ ‘ಮ್ಯಾರಥಾನ್ ಡಿ ಸಾಬ್ಲ್’ ಓಟದ 1994ರ ಸ್ಪರ್ಧೆಯಲ್ಲಿ ಇಟಲಿಯ ಮೌರೊ ಪ್ರಾಸ್ಪೆರಿ ಮರಳುಗಾಳಿಯಲ್ಲಿ ನಿಲ್ಲದೆ ಮುಂದುವರಿದು ದಾರಿ ತಪ್ಪಿದರು. ಒಂದು ವಾರಕ್ಕೂ ಹೆಚ್ಚು ಕಾಲದ ಬಳಿಕ ಅವರು ಪತ್ತೆಯಾದದ್ದು ಗಡಿಯಾಚೆಯ ಅಲ್ಜೀರಿಯಾದಲ್ಲಿ. ದಾರಿ ಕಾಣದಾದಾಗ ನಿಲ್ಲಬೇಕು ಎಂಬ ನಿರ್ಧಾರವನ್ನು ಯಾರು ಪ್ರಕಟಿಸುತ್ತಾರೆ ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ: ಬಿಸಿಲಿನಲ್ಲಿ ಎಷ್ಟು ನೀರು ಕುಡಿದರೂ ಕಡಿಮೆಯೇ ಎನ್ನುತ್ತಾರೆ. ಇದು ಸರಿಯೇ? ರಾಯಚೂರಿನ ಬೇಸಿಗೆ ಕಂಡ ನಮಗೆ ಸಹಾರಾ ಕಷ್ಟವಾದೀತೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಆ ಮಾತು ಸರಿಯಲ್ಲ, ಅಪಾಯಕಾರಿಯೂ ಹೌದು. ತಾಸುಗಟ್ಟಲೆ ಬೆವರುತ್ತ, ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚು ನೀರನ್ನು ಒತ್ತಾಯದಿಂದ ಕುಡಿದರೆ ರಕ್ತದ ಸೋಡಿಯಂ ಪ್ರಮಾಣ ಕುಸಿಯುತ್ತದೆ. ವಾಕರಿಕೆ, ತಲೆನೋವು, ಬೆರಳುಗಳ ಊತ, ಕೊನೆಗೆ ಗೊಂದಲ ಮತ್ತು ಅಪಸ್ಮಾರದಂಥ ಸೆಳವು ಅದರ ಲಕ್ಷಣಗಳು. ಇವುಗಳಲ್ಲಿ ಕೆಲವು ನಿರ್ಜಲೀಕರಣದಲ್ಲೂ ಕಾಣುವುದರಿಂದ ಜೊತೆಗಾರರು ತಪ್ಪು ತಿಳಿದು ಮತ್ತಷ್ಟು ನೀರು ಕುಡಿಸುತ್ತಾರೆ. ಜೀವಕ್ಕೆ ಕುತ್ತು ಬರುವುದು ಹೀಗೆ. ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ, ಜೊತೆಗೆ ಉಪ್ಪಿನ ಅಂಶವಿರುವ ಆಹಾರ ತಿನ್ನಿ. ಬಿಸಿಲಿನಲ್ಲಿ ಓಡುತ್ತಿದ್ದವರು ತೊದಲತೊಡಗಿ, ಮೈ ಕೆಂಡದಂತಾದರೆ ಅದು ಬಿಸಿಲಿನ ಆಘಾತವಿರಬಹುದು. ಆಗ ನೆರಳಿಗೆ ಒಯ್ದು ನೀರು ಸುರಿದು, ಗಾಳಿ ಬೀಸಿ ತಂಪು ಮಾಡುವುದು ಮೊದಲ ಕೆಲಸ, ಆಸ್ಪತ್ರೆಗೆ ಸಾಗಿಸುವುದು ಅನಂತರದ್ದು. ಮಂಡಿನೋವಿಗೆಂದು ಐಬುಪ್ರೊಫೆನ್ ಮಾತ್ರೆಗಳನ್ನು ನುಂಗುತ್ತ ಓಡುವ ಅಭ್ಯಾಸವನ್ನಂತೂ ಬಿಟ್ಟುಬಿಡಿ. ನೀರಿನಂಶ ಕಡಿಮೆಯಾದ ದೇಹದಲ್ಲಿ ಅದು ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು.

ರಾಯಚೂರಿನ ಬೇಸಿಗೆ ನಿಮಗೆ ಅನುಕೂಲವೇ, ಆದರೆ ಬಿಸಿಲಲ್ಲಿ ದುಡಿದವರಿಗೆ ಮಾತ್ರ. ಒಂದೆರಡು ವಾರ ದಿನವೂ ಸೆಕೆಯಲ್ಲಿ ವ್ಯಾಯಾಮ ಮಾಡಿದರೆ ಬೆವರು ಬೇಗ ಬರುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ, ಹೃದಯಬಡಿತ ಹತೋಟಿಗೆ ಬರುತ್ತದೆ. ಎಸಿ ಕೋಣೆಯಲ್ಲಿ ಕುಳಿತು ಬೇಸಿಗೆ ಕಳೆದವರಿಗೆ ಈ ಲಾಭ ದೊರೆಯದು.

ಪ್ರಶ್ನೆ: ಎತ್ತರಕ್ಕೆ ಹೊಂದಿಕೊಳ್ಳಲು ಕರ್ನಾಟಕದಲ್ಲೇ ಅಭ್ಯಾಸ ಸಾಧ್ಯವೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಸಾಧ್ಯವಿಲ್ಲ. ನಿಮ್ಮ ಮುಳ್ಳಯ್ಯನಗಿರಿಯೇ ರಾಜ್ಯದ ಅತಿ ಎತ್ತರದ ಶಿಖರ, ಅದು 1,930 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಡುತ್ತದೆ. ಅಟ್ಲಾಸ್‌ನ ತುಬ್ಕಾಲ್ ಶಿಖರ 4,167 ಮೀಟರ್ ಇದೆ, ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಸ್ಪರ್ಧೆಗೆ ಕೆಲವು ದಿನ ಮೊದಲೇ ಹೋಗಿ, 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸದೆ, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಪಡೆಯುತ್ತ ಏರಬೇಕು. ತಲೆನೋವಿನೊಂದಿಗೆ ನಡಿಗೆ ತೂರಾಡತೊಡಗಿದರೆ, ಅಥವಾ ಕುಳಿತಲ್ಲೇ ಉಸಿರು ಕಟ್ಟಿದರೆ, ಬೆಳಗಾಗಲೆಂದು ಕಾಯದೆ ಕೂಡಲೇ ಕೆಳಗಿಳಿಸಬೇಕು. ಕಾಯಿಲೆಯಾದವರನ್ನು ಒಂಟಿಯಾಗಿ ಕಳುಹಿಸಬಾರದು.