ತುಮಕೂರಿನಲ್ಲಿ ಚಾಕು ಮಾಡಲು ಕಲಿಯುವವರಿಗೆ ಕುಲುಮೆ, ಉಕ್ಕು ಕಡಿಮೆ ದುಡ್ಡಿಗೆ ಎಲ್ಲಿ ಸಿಗುತ್ತದೆ?

ಅಡುಗೆಮನೆ ಚಾಕು ಮಾಡುವುದನ್ನು ಕಲಿಯಬೇಕು, ಕೈಯಲ್ಲಿ ಐದಾರು ಸಾವಿರ ಇದೆ, ಆನ್‌ಲೈನಲ್ಲಿ ಗ್ಯಾಸ್ ಕುಲುಮೆ ಮತ್ತು ಕಾದ ಉಕ್ಕನ್ನು ಇಟ್ಟು ಬಡಿಯುವ ಅಡಿಗಲ್ಲಿನ ಬೆಲೆ ನೋಡಿದರೆ ಅದು ಯಾವ ಮೂಲೆಗೂ ಸಾಲುವುದಿಲ್ಲ ಅಂತ ಕೇಳಿದ್ದೀರಿ. ನಾನೂ ತುಮಕೂರಿನವನೇ. ಬಿಡುವಿದ್ದಾಗ ಚಾಕು ಮಾಡುತ್ತೇನೆ. ನನ್ನ ಕೇಳಿದರೆ ಕುಲುಮೆಗೆ ಸದ್ಯಕ್ಕೆ ಒಂದು ರೂಪಾಯಿಯೂ ಹಾಕಬೇಡಿ. ಇರುವ ದುಡ್ಡಲ್ಲಿ ಗ್ರೇಡ್ ಗೊತ್ತಿರುವ ಉಕ್ಕು ತಗೊಳ್ಳಿ. ಗ್ರೇಡ್ ಅಂದರೆ ಉಕ್ಕಿನಲ್ಲಿ ಇಂಗಾಲ ಮುಂತಾದವು ಎಷ್ಟೆಷ್ಟಿವೆ ಅಂತ ಹೇಳುವ ಹೆಸರು.

ಕಟ್ಟಡದ ಕಂಬಿ, ಆಂಗಲ್, ಗೇಟಿಗೆ ಹಾಕುವ ಪಟ್ಟಿ ಇವೆಲ್ಲ ಪುಕ್ಕಟೆ ಸಿಕ್ಕರೂ ಮುಟ್ಟಬೇಡಿ. ಅದರಲ್ಲಿ ಇಂಗಾಲ ಶೇ 0.3ರ ಒಳಗೇ ಇರುತ್ತದೆ. ಎಷ್ಟು ಕಾಯಿಸಿ ಎಣ್ಣೆಗೆ ಅದ್ದಿದರೂ ಅಂಚು ನಿಲ್ಲುವಷ್ಟು ಗಟ್ಟಿಯಾಗುವುದಿಲ್ಲ. ಚಾಕುವಿಗೆ ಕಡಿಮೆ ಅಂದರೂ ಶೇ 0.5 ಬೇಕು. ಲಾರಿಯ ಕಮಾನ್ ಪಟ್ಟಿಯಲ್ಲಿ, ಅಂದರೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿಯಲ್ಲಿ, ಅಷ್ಟು ಇರುತ್ತದೆ. ನಮ್ಮ ಕಡೆ ತೆಂಗಿನಕಾಯಿ ಮಚ್ಚು ಮಾಡುವ ಕಮ್ಮಾರರು ಅದನ್ನೇ ಬಳಸುವುದು ಸುಮ್ನೆ ಅಲ್ಲ.

ಹಾಗಂತ ಗುಜರಿಗೆ ಓಡಬೇಡಿ. ಅಲ್ಲಿಗೆ ಬರುವುದು ಮುರಿದ ಪಟ್ಟಿ. ವರ್ಷಗಟ್ಟಲೆ ಭಾರ ಹೊತ್ತು ಕುಣಿದು ದಣಿದ ಉಕ್ಕು ಅದು, ಒಂದು ಕಡೆ ಮುರಿದಿದೆ ಅಂದರೆ ಕಣ್ಣಿಗೆ ಕಾಣದ ಬಿರುಕು ಇನ್ನೂ ನಾಲ್ಕು ಕಡೆ ಇರಬಹುದು, ನೀವು ಕಾಯಿಸಿ ಬಡಿದು ಉಜ್ಜಿ ಎಲ್ಲ ಮುಗಿಸಿ ಎಣ್ಣೆಗೆ ಅದ್ದಿದಾಗ ಟಿಕ್ ಅಂತ ಸದ್ದು ಬಂದರೆ ಅಲ್ಲಿಗೆ ಕೆಲಸವೆಲ್ಲ ಹೋಯಿತು. ಹೆದ್ದಾರಿ ಪಕ್ಕ ಲಾರಿಗಳ ಕಮಾನ್ ಕಟ್ಟು ರಿಪೇರಿ ಮಾಡುವ ಅಂಗಡಿಗಳಿವೆ ಅಲ್ವಾ, ಅಲ್ಲಿ ವಿಚಾರಿಸಿ. ಹೊಸ ಪಟ್ಟಿಯನ್ನು ಅಳತೆಗೆ ಕತ್ತರಿಸಿದಾಗ ತುಂಡು ಉಳಿಯುತ್ತದೆ. ಗುಜರಿ ದರಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರೂ ಅದೇ ಲಾಭ. ಪಟ್ಟಿ ಯಾವ ಗ್ರೇಡ್ ಅಂತಲೂ ಕೇಳಿ ಬರೆದುಕೊಳ್ಳಿ. ಇಎನ್ 45 ಇರಬಹುದು, ಎಸ್‌ಯುಪಿ 9 ಇರಬಹುದು. ಎರಡೂ ಒಳ್ಳೆಯವೇ, ಆದರೆ ಇಎನ್ 45ಕ್ಕೆ ಬಿಸಿ ಸ್ವಲ್ಪ ಜಾಸ್ತಿ ಬೇಕು.

ಒಂದು ತೊಂದರೆ ಇದೆ. ಅಡುಗೆಮನೆ ಚಾಕುವಿನ ಬೆನ್ನು ಎರಡು ಮೂರು ಮಿಲಿಮೀಟರ್ ಇದ್ದರೆ ಸಾಕು. ದೊಡ್ಡ ಲಾರಿಯ ಪಟ್ಟಿ ಸೆಂಟಿಮೀಟರಿಗೂ ಮೇಲೆ ದಪ್ಪ. ಅದನ್ನು ಒಬ್ಬರೇ ಸುತ್ತಿಗೆಯಲ್ಲಿ ಬಡಿದು ತೆಳ್ಳಗೆ ಮಾಡುವಷ್ಟರಲ್ಲಿ ಭುಜ ಬಿದ್ದು ಹೋಗುತ್ತದೆ, ಆಮೇಲೆ ಈ ಕಡೆ ತಲೆ ಹಾಕುವುದೇ ಇಲ್ಲ ನೀವು. ಸಣ್ಣ ಗಾಡಿಗಳ ಪಟ್ಟಿ ಕೇಳಿ, ಅದು ತೆಳ್ಳಗಿರುತ್ತದೆ. ಇನ್ನೂ ಒಳ್ಳೆಯದು ಅಂದರೆ ಸಾಮಿಲ್‌ನಲ್ಲಿ ಸವೆದು ತೆಗೆದಿಟ್ಟ ಅಗಲದ ಗರಗಸದ ಪಟ್ಟಿ. ಅದು ಆಗಲೇ ಗಟ್ಟಿ ಮಾಡಿದ ಉಕ್ಕು, ಬಿಸಿಯಾಗದಂತೆ ನೀರಿಗೆ ಅದ್ದುತ್ತಾ ಗ್ರೈಂಡರಿನಲ್ಲಿ ಕತ್ತರಿಸಿ ಉಜ್ಜಿದರೆ ತರಕಾರಿ ಚಾಕುವಿಗೆ ಕುಲುಮೆಯೇ ಬೇಕಾಗಿಲ್ಲ. ಗರಗಸದ ಗಟ್ಟಿತನ ಚಾಕುವಿಗೆ ಸ್ವಲ್ಪ ಕಡಿಮೆಯೇ, ಬೇಗ ಮೊಂಡಾಗುತ್ತದೆ. ಮಸೆದರೆ ಮತ್ತೆ ಬರುತ್ತದೆ. ಮೊದಲ ಚಾಕುವಿಗೆ ಇದಕ್ಕಿಂತ ಅಗ್ಗದ ದಾರಿ ನನಗೆ ಕಂಡಿಲ್ಲ.

ಪೂರ್ತಿ ಹೊಸ ಉಕ್ಕೇ ಬೇಕಾದರೆ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಪೀಣ್ಯ ಇದೆ. ಅಲ್ಲಿ ಉಕ್ಕು ಮಾರುವವರ ಹತ್ತಿರ ಇಎನ್ 9 ಪಟ್ಟಿ ಕೇಳಿ, ಸಣ್ಣ ತುಂಡು ಅಂತ ಮುಖ ಸಿಂಡರಿಸಿದರೆ ಪಕ್ಕದ ಅಂಗಡಿಗೆ ಹೋಗಿ. ಇಎನ್ 31 ಕೂಡ ಸಿಗುತ್ತದೆ, ಬೇರಿಂಗ್ ಮಾಡುವುದು ಅದರಲ್ಲೇ, ಇಂಗಾಲ ಶೇ 1ರ ಹತ್ತಿರ. ಆದರೆ ಅದನ್ನು ಒಂದೇ ಬಿಸಿಯಲ್ಲಿ ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸಬೇಕು. ಇದ್ದಿಲ ಬೆಂಕಿಯಲ್ಲಿ ಹೊಸಬರಿಗೆ ಅದು ಕಷ್ಟ.

ರೈಲು ಹಳಿ ತುಂಡು, ಹಳಿಯ ಕ್ಲಿಪ್ಪು ಬಳಸಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ನಮ್ಮ ದೇಶದಲ್ಲಿ ಅದನ್ನು ಮನೆಯಲ್ಲಿ ಇಟ್ಟುಕೊಂಡರೇ ಕೇಸು ಆಗಬಹುದು, 1966ರ ಕಾಯ್ದೆಯೇ ಇದೆ ಅದಕ್ಕೆ. ಗುಜರಿಯವನು ಕೊಟ್ಟ ಅಂದರೂ ಎಲ್ಲಿಂದ ಬಂತು ಅಂತ ಉತ್ತರ ಕೊಡಬೇಕಾದವರು ನೀವೇ.

ಯಾವ ಉಕ್ಕು ತಂದರೂ ಮೊದಲು ಒಂದು ಸಣ್ಣ ತುಂಡು ಕತ್ತರಿಸಿ ಪರೀಕ್ಷೆ ಮಾಡಿ. ಕೆಂಪಗೆ ಕಾಯಿಸಿ, ಮ್ಯಾಗ್ನೆಟ್ ಹಿಡಿಯುವುದು ನಿಂತ ಮೇಲೆ ಇನ್ನು ಸ್ವಲ್ಪ ಕಾಯಿಸಿ ಎಣ್ಣೆಗೆ ಅದ್ದಿ. ಸುಮಾರು 770 ಡಿಗ್ರಿಗೆ ಉಕ್ಕು ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ, ಥರ್ಮಾಮೀಟರ್ ಇಲ್ಲದವರಿಗೆ ಅದೇ ಗುರುತು. ಆರಿದ ಮೇಲೆ ಅರ ಹಾಕಿ ನೋಡಿ. ಕಚ್ಚದೆ ಜಾರಿದರೆ ಉಕ್ಕು ಸರಿ ಇದೆ. ಕಚ್ಚಿದರೆ ಇನ್ನೊಮ್ಮೆ ಸ್ವಲ್ಪ ಜಾಸ್ತಿ ಬಿಸಿಯಲ್ಲಿ ಮಾಡಿ, ಆಗಲೂ ಹಾಗೇ ಆದರೆ ಬಿಟ್ಟುಬಿಡಿ. ಎಣ್ಣೆ ಅಂದರೆ ಕಡಲೆಕಾಯಿ ಎಣ್ಣೆಯೋ ಸೂರ್ಯಕಾಂತಿಯೋ, ಕೈಗೆ ಬಿಸಿ ಅನ್ನಿಸುವಷ್ಟು ಕಾಯಿಸಿ, ಮುಚ್ಚಳ ಇರುವ ಕಬ್ಬಿಣದ ಡಬ್ಬದಲ್ಲಿ. ಪ್ಲಾಸ್ಟಿಕ್ ಬಕೆಟ್ ಬೇಡವೇ ಬೇಡ. ಗ್ಯಾರೇಜಿನ ಹಳೇ ಇಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆ, ಆದರೆ ಅದರ ಹೊಗೆ ಕೆಟ್ಟದ್ದು, ಅಡುಗೆಯ ಚಾಕುವಿಗಂತೂ ಯಾಕೆ ಬೇಕು? ನೀರಿಗೆ ಅದ್ದಿದರೆ ಕಮಾನ್ ಪಟ್ಟಿ ಸೀಳುತ್ತದೆ. ಅದ್ದಿ ಗಟ್ಟಿಯಾದ ಚಾಕುವನ್ನು ಮನೆಯ ಓಟಿಜಿ ಓವನ್ನಿನಲ್ಲಿ 200 ಡಿಗ್ರಿಗೆ ಒಂದೊಂದು ಗಂಟೆ ಎರಡು ಸಲ ಇಡಿ. ಹಾಗೆ ಮಾಡದೆ ಬಿಟ್ಟರೆ ನೆಲಕ್ಕೆ ಬಿದ್ದಾಗ ಗಾಜಿನ ಹಾಗೆ ಒಡೆಯುತ್ತದೆ.

ಈಗ ಕುಲುಮೆ. ನಿಮ್ಮ ಹೋಬಳಿಯಲ್ಲಿ ಕುಲುಮೆ ಇಟ್ಟುಕೊಂಡ ಕಮ್ಮಾರರು ಒಬ್ಬರಾದರೂ ಇರುತ್ತಾರೆ. ಅವರ ಹತ್ತಿರ ಹೋಗಿ ಅರ್ಧ ದಿನದ ಕೂಲಿ ಕೊಟ್ಟು, ಇದ್ದಿಲಿನ ಖರ್ಚು ಬೇರೆ ಕೊಟ್ಟು, ಅವರ ಕೈಕೆಳಗೆ ಬಡಿಯುವುದು ಕಲಿಯಿರಿ. ಬಿತ್ತನೆಗೆ ಮುಂಚೆ ಹೋಗಬೇಡಿ, ಕುಂಟೆ ಕುಡ, ಗುಳದ ಕೆಲಸದಲ್ಲಿ ಅವರಿಗೆ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ. ಹಿರಿಯರಾದರೆ ಉಕ್ಕಿನ ಬಣ್ಣ ನೋಡಿಯೇ ಬಿಸಿ ಹೇಳುತ್ತಾರೆ. ನಮ್ಮ ಮಧುಗಿರಿ, ಚನ್ನರಾಯನದುರ್ಗದ ಕಡೆ ಇನ್ನೂರು ವರ್ಷದ ಹಿಂದೆ ಹಳ್ಳದ ಕಪ್ಪು ಮರಳು ಕರಗಿಸಿ ಕಬ್ಬಿಣ, ಉಕ್ಕು ಮಾಡುತ್ತಿದ್ದರು, ಗ್ಯಾಸ್ ಸಿಲಿಂಡರ್ ಯಾರ ಹತ್ತಿರ ಇತ್ತು?

ಆಮೇಲೂ ಸ್ವಂತದ್ದು ಬೇಕು ಅನ್ನಿಸಿದರೆ ಹಿತ್ತಲಲ್ಲಿ ಮೊಳದುದ್ದದ ಗುಂಡಿ, ಸುತ್ತ ಇಟ್ಟಿಗೆ, ಒಳಗೆ ಜೇಡಿಮಣ್ಣಿನ ಮೆತ್ತು, ಪಕ್ಕದಿಂದ ಒಂದು ಕಬ್ಬಿಣದ ಪೈಪು, ಅದಕ್ಕೆ ಹೋಟೆಲ್ ಒಲೆಗೆ ಹಾಕುವ ಸಣ್ಣ ಬ್ಲೋವರ್. ಪೈಪು ಜಿಂಕ್ ಲೇಪದ ಜಿಐ ಆಗಿರಬಾರದು, ಕಾದರೆ ವಿಷದ ಹೊಗೆ ಬರುತ್ತದೆ. ಮಣ್ಣು ಚೆನ್ನಾಗಿ ಒಣಗಿದ ಮೇಲೆಯೇ ಬೆಂಕಿ ಹಾಕಿ. ಇದ್ದಿಲಿಗೆ ಜಾಲಿಯದ್ದು ಒಳ್ಳೆಯದು. ತಿಪಟೂರಿನ ಕಡೆ ಕೊಬ್ಬರಿ ಚಿಪ್ಪಿನ ಇದ್ದಿಲು ಸಿಗುತ್ತದೆ, ಕಾವು ಚೆನ್ನಾಗಿದೆ, ಆದರೆ ಗಾಳಿ ಬಿಡದೇ ಊದುತ್ತಿರಬೇಕು. ಮನೆ ಸಿಲಿಂಡರಿಗೆ ಬರ್ನರ್ ಸಿಕ್ಕಿಸುವ ಯೋಚನೆ ಮಾತ್ರ ಬಿಡಿ.

ಅಡಿಗಲ್ಲಿಗೆ ಲಾರಿ ಆಕ್ಸಲ್ ಶಾಫ್ಟಿನ ತುಂಡು ಗುಜರಿಯಲ್ಲಿ ನೋಡಿ, ಇದಕ್ಕೆ ಹಳೆಯದಾದರೂ ನಡೆಯುತ್ತದೆ. ಅಗಲದ ತಲೆ ಮೇಲೆ ಬರುವ ಹಾಗೆ ಮರದ ದಿಮ್ಮಿಗೆ ನೆಟ್ಟಗೆ ಹೂತು ನಿಲ್ಲಿಸಿ. ಬಡಿಯುವ ಜಾಗ ಚಿಕ್ಕದು, ಆದರೆ ಏಟಿನ ಕೆಳಗೆ ಪೂರ್ತಿ ಉಕ್ಕೇ ಇರುತ್ತದೆ. ದುಡ್ಡು ಉಳಿದರೆ ಒಳ್ಳೆಯ ಕನ್ನಡಕ, ಒಂದು ಹೊಸ ಅರ, ಎರಡು ಕ್ಲ್ಯಾಂಪ್.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಲೈಸೆನ್ಸ್ ಬಗ್ಗೆ ಕೇಳಿದ್ದೀರಿ. ಮನೆಬಳಕೆಗೆ, ಹೊಲದ ಕೆಲಸಕ್ಕೆ ಮಾಡುವ ಚಾಕು ಆಯುಧ ಕಾಯ್ದೆಯ ನಿಯಮದೊಳಗೆ ಬರುವುದಿಲ್ಲ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಕಠಾರಿ, ಕತ್ತಿಯಂಥದ್ದಕ್ಕೆ ಕೈ ಹಾಕಿದರೆ ಬೇರೆ ಲೆಕ್ಕ. ಕಮಾನ್ ತುಂಡು ಸಿಕ್ಕ ಮೇಲೆ ಗ್ರೇಡ್ ಏನಂದರು ಅಂತ ಇಲ್ಲೇ ಬರೆಯಿರಿ, ಎಷ್ಟು ಬಿಸಿಗೆ ಅದ್ದಬೇಕು ಅಂತ ಹೇಳುತ್ತೇನೆ.