ನಾಯಿಮರಿಗಳನ್ನು ದತ್ತು ಹೋಗುವವರೆಗೆ ಮನೆಯಲ್ಲಿ ಸಾಕಿಕೊಡಬೇಕೆಂಬ ಆಸೆಯಿದೆ. ನನ್ನದು ಬಾಡಿಗೆ ಮನೆ, ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೋಗಿ ಸಂಜೆ ಏಳಕ್ಕೆ ಬರುತ್ತೇನೆ. ಕೊಡುವ ಹೊತ್ತಿಗೆ ಬಿಟ್ಟುಕೊಡಲು ಮನಸ್ಸಾಗದಿದ್ದರೆ?

ಏಳು ವರ್ಷದ ಹಿಂದೆ ನಾನೂ ಇದೇ ಭಯದಲ್ಲಿ ಎರಡು ತಿಂಗಳು ಹಿಂದೆಮುಂದೆ ನೋಡಿದ್ದೆ. ನಿಮ್ಮ ಹಾಗೇ ನನಗೂ ಕೆಲಸ ಇತ್ತು, ನಿಮ್ಮ ಹಾಗೇ ಬಾಡಿಗೆ ಮನೆ. ಬಿಟ್ಟುಕೊಡುವ ದಿನದ ಬಗ್ಗೆ ಅಷ್ಟೆಲ್ಲ ಯೋಚನೆ ಮಾಡಿದವಳು ಮರಿ ಬರುವ ಮೊದಲ ದಿನದ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ.

ನಮ್ಮದು ಮೈಸೂರು, ಕುವೆಂಪುನಗರದ ಕಡೆ. ಹಳೇ ಮನೆ, ರೆಡ್ ಆಕ್ಸೈಡ್ ನೆಲ, ಅಡುಗೆಮನೆ ಹಿಂದೆ ಪಾತ್ರೆ ತೊಳೆಯುವ ಸಣ್ಣ ಜಾಗ. ಮಳೆಗಾಲ ಮುಗಿದು ಚಳಿ ಬಿದ್ದರೆ ಬೀದಿಯಲ್ಲಿ ಎಲ್ಲಿ ನೋಡಿದರೂ ಮರಿಗಳು. ಅಂಥ ಒಂದು ಡಿಸೆಂಬರ್‌ನಲ್ಲಿ, ನಮ್ಮ ರಸ್ತೆಯ ನಾಯಿಗಳಿಗೆ ದಿನಾ ಅನ್ನ ಹಾಕುವ ಅಕ್ಕ ಒಬ್ಬರು ಮೋರಿಯಿಂದ ಎತ್ತಿದ ಒಂದು ಕಪ್ಪು ಮರಿಯನ್ನು ತಂದರು. "ಹದಿನೈದು ದಿನ ಇಟ್ಕೊಳಮ್ಮ, ಅಷ್ಟರಲ್ಲಿ ಒಂದು ಮನೆ ನೋಡ್ತೀನಿ" ಅಂದರು. ಕರಿಯ ಅಂತ ಕರೆದೆ. ಗೋಣಿಚೀಲ ಮಡಿಚಿ ಹಾಕಿದರೆ ಅದರ ಒಂದು ಮೂಲೆಯನ್ನು ಬಾಯಲ್ಲಿ ಕಚ್ಚಿಕೊಂಡೇ ಮಲಗುತ್ತಿದ್ದ.

ನಾಲ್ಕನೇ ದಿನ ಊಟ ಬಿಟ್ಟ. ಸಂಜೆಗೆ ವಾಂತಿ, ರಾತ್ರಿಗೆ ರಕ್ತಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಮರೆಯುವುದಿಲ್ಲ. ಡಾಕ್ಟ್ರು ಪಾರ್ವೊ ಅಂದರು, ಮರಿಗಳ ಕರುಳಿಗೆ ಬೀಳುವ ವೈರಸ್ ರೋಗ. ವೈರಸ್ಸನ್ನೇ ಕೊಲ್ಲುವ ಮದ್ದಿಲ್ಲ, ಡ್ರಿಪ್ ಹಾಕಿ ಮೈಯಲ್ಲಿ ನೀರು ನಿಲ್ಲಿಸಿ, ವಾಂತಿ ತಡೆದು, ಮರಿಯ ಮೈ ತಾನೇ ಗೆಲ್ಲಲಿ ಅಂತ ಕಾಯಬೇಕು. ಎರಡು ದಿನ ಕಾದೆವು. ಮೂರನೇ ದಿನ ಬೆಳಗಿನ ಜಾವ ಹೋದ.

ಇದು ನನ್ನ ತಪ್ಪಲ್ಲ. ಆ ಮರಿ ಬರುವಾಗಲೇ ಸೋಂಕು ಹೊತ್ತು ಬಂದಿತ್ತು. ನನ್ನ ತಪ್ಪು ಇದರ ನಂತರ ಆದದ್ದು. ಇನ್ನೊಬ್ಬರು ಅದನ್ನು ಮಾಡಬಾರದು, ಹಾಗಾಗಿ ಇಲ್ಲಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಆ ಜಾಗವನ್ನು ಮೂರು ದಿನ ಬಿಡದೆ ಫಿನಾಯಿಲ್ ಹಾಕಿ ತಿಕ್ಕಿದೆ. ಗೋಡೆಯ ಬುಡಕ್ಕೆ ಡೆಟಾಲ್ ಹಾಕಿ ಒರೆಸಿದೆ. ಮನೆ ತುಂಬ ಆಸ್ಪತ್ರೆ ವಾಸನೆ. ಗೋಣಿಚೀಲವನ್ನು ಎಸೆಯಲು ಮನಸ್ಸಾಗಲಿಲ್ಲ, ಅವನು ಕಚ್ಚಿ ಎಳೆದ ನೂಲು ಮೂಲೆಯಲ್ಲಿ ಹಾಗೇ ನೇತಾಡುತ್ತಿತ್ತು. ಬಿಸಿನೀರು, ಸೋಪಿನ ಪುಡಿಯಲ್ಲಿ ಒಗೆದು ಒಂದು ವಾರ ಬಿಸಿಲಿಗೆ ಹಾಕಿದೆ. ಇದಕ್ಕಿಂತ ಶುದ್ಧ ಇನ್ನೇನು ಬೇಕು ಅಂತ ನನ್ನ ಲೆಕ್ಕ. ಒಂದು ತಿಂಗಳಾದ ಮೇಲೆ ಅದೇ ಅಕ್ಕ ಕೆಂಪಿ, ಬೆಳ್ಳಿ ಅಂತ ಎರಡು ಅಕ್ಕತಂಗಿ ಮರಿಗಳನ್ನು ತಂದಾಗ ಅದೇ ಜಾಗದಲ್ಲಿ ಅದೇ ಗೋಣಿಚೀಲ ಹಾಸಿದೆ.

ಆರನೇ ದಿನ ಕೆಂಪಿ ಅನ್ನದ ಬಟ್ಟಲಿನ ಮುಂದೆ ತಲೆ ತಗ್ಗಿಸಿ ನಿಂತಳು. ಏಳನೇ ದಿನ ಬೆಳ್ಳಿ.

ಡಾಕ್ಟ್ರು ಮೊದಲು ಕೇಳಿದ್ದು "ಹೋದ ಸಲ ಜಾಗ ಯಾವುದರಲ್ಲಿ ತೊಳೆದ್ರಿ?" ಅಂತ. ಫಿನಾಯಿಲ್ ಅಂದೆ. ಅವರು ಪೆನ್ನು ಕೆಳಗಿಟ್ಟರು. ಅವತ್ತು ಅವರು ಹೇಳಿದ್ದು ಇಷ್ಟು. ಕೆಲವು ವೈರಸ್‌ಗಳ ಮೇಲೆ ಕೊಬ್ಬಿನ ಪದರ ಇರುತ್ತದೆ, ಸೋಪು, ಸ್ಪಿರಿಟ್ ಆ ಪದರವನ್ನು ಒಡೆದು ಹಾಕುತ್ತವೆ. ಪಾರ್ವೊಗೆ ಆ ಪದರವೇ ಇಲ್ಲ. ಫಿನಾಯಿಲ್, ಡೆಟಾಲ್, ಸ್ಯಾನಿಟೈಸರ್ ಯಾವುದನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ. ನೆಲದ ಬಿರುಕಿನಲ್ಲಿ, ಗೋಣಿಯ ಎಳೆಯಲ್ಲಿ, ಚಪ್ಪಲಿಯ ಅಡಿಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮನೆಯಲ್ಲಿ ಸಿಗುವ ವಸ್ತುಗಳಲ್ಲಿ ಅದನ್ನು ಕೊಲ್ಲುವುದು ಬ್ಲೀಚ್. ಮೊದಲು ಸೋಪು ಹಾಕಿ ಕೊಳೆಯನ್ನೆಲ್ಲ ತೆಗೆಯಬೇಕು, ಮಲದ ಅಂಶ ಉಳಿದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಸೋಪಿನ ನೀರು ಚೆನ್ನಾಗಿ ತೊಳೆದ ಮೇಲೆ 30 ಪಾಲು ನೀರಿಗೆ ಒಂದು ಪಾಲು ದ್ರವ ಬ್ಲೀಚ್ ಬೆರೆಸಿ ಸುರಿದು, ನೆಲ 10 ನಿಮಿಷ ಒದ್ದೆಯಾಗಿಯೇ ಇರುವ ಹಾಗೆ ನೋಡಿಕೊಳ್ಳಬೇಕು. ಆಮೇಲೆ ನೀರಲ್ಲಿ ತೊಳೆದು ಒಣಗಿಸಬೇಕು. ಬಚ್ಚಲು ತೊಳೆಯುವ ಆಸಿಡ್ ಜೊತೆ ಮಾತ್ರ ಬ್ಲೀಚ್ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಗೋಣಿ, ಹಾಸಿಗೆ, ಕಟ್ಟಿಗೆಯ ಸಾಮಾನು ಬಿಸಾಡಬೇಕು. ಇಷ್ಟೆಲ್ಲ ಮಾಡಿದರೂ ಲಸಿಕೆ ಮುಗಿಯದ ಮರಿಯನ್ನು ಒಂದು ವರ್ಷ ಆ ಜಾಗಕ್ಕೆ ತರಬೇಡಿ ಅಂದರು.

ಕೆಂಪಿ ಉಳಿಯಲಿಲ್ಲ. ನಾನು ಪ್ರೀತಿಯಿಂದ ಎತ್ತಿಟ್ಟಿದ್ದ ಗೋಣಿಚೀಲದಿಂದ ಅವಳು ಸತ್ತಳು. ಬೆಳ್ಳಿಗೆ ಆರು ದಿನ ಡ್ರಿಪ್ ನಡೆಯಿತು. ಮುಂಗಾಲಿನ ಬ್ಯಾಂಡೇಜು ಅವಳ ಕಾಲಿಗಿಂತ ದಪ್ಪ. ಏಳನೇ ದಿನ ನನ್ನ ಬೆರಳಿಗೆ ಅಂಟಿದ್ದ ಗಂಜಿ ನೆಕ್ಕಿದಳು. ತಿಂಗಳೆರಡು ಕಳೆದ ಮೇಲೆ ನಂಜನಗೂಡಿನಿಂದ ಒಬ್ಬ ಮೇಷ್ಟ್ರು ಹೆಂಡತಿ, ಮಗಳ ಜೊತೆ ಬಂದು ಕರೆದುಕೊಂಡು ಹೋದರು. ಆ ರಾತ್ರಿ ಅತ್ತೆ, ನಿಜ. ಆದರೆ ಅವರ ಅಂಗಳದಲ್ಲಿ ಅವಳು ಕಾಲು ಚಾಚಿ ಮಲಗಿದ ಫೋಟೊ ಮರುದಿನವೇ ಬಂತು, ನನಗೆ ಅಳು ನಿಂತಿತು. ಕೆಂಪಿಗಾಗಿ ಈಗಲೂ ಅಳು ಬರುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಿಟ್ಟುಕೊಡುವ ನೋವನ್ನು ನೀವು ತಡೆದುಕೊಳ್ಳುತ್ತೀರಿ. ಮನೆಗೆ ಬಂದ ಮೊದಲ 14 ದಿನವನ್ನು ಮರಿ ತಡೆದುಕೊಳ್ಳುತ್ತದೆಯೇ ಅಂತ ಕೇಳಿಕೊಳ್ಳಿ.

ಇನ್ನೊಂದು ಮಾತು, ನಿಮಗೆ ಬೇಜಾರಾಗಬಹುದು. ಮೊದಲ ಸಲ ಮರಿ ತರಲೇಬೇಡಿ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಸಂಜೆ ಏಳಕ್ಕೆ ಬರುತ್ತೇನೆ ಅಂದಿದ್ದೀರಿ. ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ ಊಟ ಬೇಕು, ಬೆಳಿಗ್ಗೆ ಚೆನ್ನಾಗಿದ್ದದ್ದು ಸಂಜೆಗೆ ನೀರಿಲ್ಲದೆ ಸೊರಗಿ ಬಿದ್ದಿರಬಹುದು. ಲಸಿಕೆ ಆರರಿಂದ ಎಂಟನೇ ವಾರಕ್ಕೆ ಶುರುವಾದರೂ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತ 16 ವಾರ ತುಂಬುವವರೆಗೆ ಧೈರ್ಯವಿಲ್ಲ, ಏಕೆಂದರೆ ತಾಯಿ ಹಾಲಿನಿಂದ ಬಂದ ರಕ್ಷಣೆಯೇ ಲಸಿಕೆಗೆ ಅಡ್ಡ ಬರುತ್ತದೆ. ನೀವು ಲಸಿಕೆ ಮುಗಿದ, ಸಂತಾನಹರಣ ಶಸ್ತ್ರಚಿಕಿತ್ಸೆ ಆದ ದೊಡ್ಡ ನಾಯಿಯನ್ನು ಕೇಳಿ. ಮರಿಗಳನ್ನಾದರೂ ಜನ ಕೇಳುತ್ತಾರೆ, ಮೂರು ವರ್ಷದ ಬೀದಿನಾಯಿಯನ್ನು ಕೇಳುವವರಿಲ್ಲ. ಅದು ಎಂಟು ಗಂಟೆ ನಿದ್ದೆ ಮಾಡಿ ನಿಮಗಾಗಿ ಕಾಯುತ್ತದೆ. ಸಾಧ್ಯವಾದರೆ ಮಧ್ಯಾಹ್ನ ಒಮ್ಮೆ ಹೊರಗೆ ಬಿಡಲು ಯಾರಿಗಾದರೂ ಹೇಳಿಡಿ.

ಯಾವ ವಯಸ್ಸಿನದೇ ಆಗಲಿ, ಹಲ್ಲೋ ಉಗುರೋ ತಾಗಿ ಚರ್ಮ ಗೀರಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಹೋಗಿ ರೇಬಿಸ್ ಚುಚ್ಚುಮದ್ದು ಶುರುಮಾಡಿ. ಮರಿ ಕಚ್ಚಿದರೆ ಏನಾಗಲ್ಲ ಅನ್ನುವವರ ಮಾತು ಕೇಳಬೇಡಿ.

ಬಾಡಿಗೆ ಮನೆ ವಿಷಯಕ್ಕೆ ಬರುತ್ತೇನೆ. ಅಪಾರ್ಟ್‌ಮೆಂಟಿನ ಸಂಘ ಸಾಕುನಾಯಿಯನ್ನೇ ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೆ ನಿಮ್ಮ ಕರಾರು ಪತ್ರ ಇರುವುದು ಓನರ್ ಜೊತೆ. ನಾಯಿ ಬರುವ ಮೊದಲೇ ಅವರಿಗೆ ಹೇಳಿ, ಒಪ್ಪಿದ್ದನ್ನು ಒಂದು ವಾಟ್ಸಾಪ್ ಮೆಸೇಜಿನಲ್ಲಾದರೂ ತಗೊಳ್ಳಿ. ನಡುವಲ್ಲಿ ಓನರ್ ಬೇಡ ಅಂದರೆ ಆ ನಾಯಿಗೆ ಹೋಗಲು ಇನ್ನೊಂದು ಜಾಗ ಇರುವುದಿಲ್ಲ.

ಬೆಳ್ಳಿ ಆದ ಮೇಲೆ ನಮ್ಮ ಮನೆಯಿಂದ ಹನ್ನೊಂದು ನಾಯಿಗಳು ದತ್ತು ಹೋಗಿವೆ, ಒಂಬತ್ತು ದೊಡ್ಡವು. ಹೊಸದು ಬಂದಾಗಲೆಲ್ಲ ಹಳೇ ಕಾಟನ್ ಸೀರೆ ಹಾಸುತ್ತೇನೆ, ಅದು ಹೋದ ದಿನ ಸೀರೆಯನ್ನೂ ಬಿಸಾಡುತ್ತೇನೆ.